ಬೆನ್ನಿಗೆ ಕಿವಿ ಇಡುತ್ತಿದ್ದ ಬೈರಮ್ಮ

ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕಾಫಿ ಬೀಜ ಹುರಿಯುತ್ತಿದ್ದೆ. ಗಾಳಿ ಯಾವ ಕಡೆಯದೆಂದು ನೋಡಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರಿಂದ ಹೊಗೆ ನನ್ನನ್ನು ಬಿಟ್ಟು ಬೇಲಿಯತ್ತ ಹೋಗುತ್ತಿತ್ತು. ಹಾಗೆ ನಿಲ್ಲಬೇಕೆಂದು ಕಲಿಸಿದವಳು ಬೈರಮ್ಮ. ಅವಳು ತೀರಿಕೊಂಡಳೆಂದು ಅವಳ ತಮ್ಮನ ಮಗಳು ದೇವಿ ಬಂದು ಹೇಳಿದಾಗಲೂ ಹಾಗೇ ನಿಂತಿದ್ದೆ. ನನ್ನ ಬಾಯಿಂದ ಬಂದ ಮೊದಲ ಮಾತು, "ಉಸಿರಿಗೆ ಒದ್ದಾಡಿದ್ಲಾ?" ಎಂದು. ಬೇರೆ ಯಾರೂ ಅದನ್ನು ಮೊದಲು ಕೇಳುತ್ತಿರಲಿಲ್ಲವೇನೋ. ನಾನು ಯಾಕೆ ಕೇಳಿದೆ ಎಂದು ತಿಳಿಯಬೇಕಾದರೆ ಬೈರಮ್ಮ ಯಾರೆಂದು ಹೇಳಬೇಕು.

ಬಣಕಲ್ಲಿನಲ್ಲಿ ನಮ್ಮದು ಜಿನಸಿ ಅಂಗಡಿ. ಬೈರಮ್ಮ ಬಿಳಿ ದೊರೆಗಳ ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿದ್ದ ವಿಧವೆ. ಹಗಲು ಹಣ್ಣು ಕೊಯ್ಯುವುದು, ಬಿಡುವಾದಾಗ ಎಣ್ಣೆ ನೀವುವುದು. ಬಾಣಂತಿಯರು, ಉಳುಕಿಸಿಕೊಂಡವರು, ಮೂಟೆ ಹೊತ್ತು ಸೊಂಟ ಹಿಡಿದವರು, ಎಲ್ಲರ ಮೈಯೂ ಅವಳ ಕೈಗೆ ಗೊತ್ತಿತ್ತು. ಆದರೆ ಯಾರೇ ಬರಲಿ, ಕೈ ಇಡುವ ಮೊದಲು ಅವಳು ಕಿವಿ ಇಡುತ್ತಿದ್ದಳು. ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಬೆನ್ನಿಗೆ ಕಿವಿ ಒತ್ತಿ ಕೂರುವಳು. ನಮ್ಮ ಮಾವನವರಿಗೆ ಇದು ಸರಿಬೀಳುತ್ತಿರಲಿಲ್ಲ. ಮೊಣಕಾಲು ನೋವಿಗೆ ಬೆನ್ನಿಗೇಕೆ ಕಿವಿ ಇಡುತ್ತೀಯೆ ಎಂದು ಒಮ್ಮೆ ಗದರಿದರು. "ಮೊಣಕಾಲು ಉಸಿರಾಡಲ್ಲ ಸಾವ್ಕಾರ್ರೆ, ನೀವು ಆಡ್ತೀರಲ್ಲ," ಎಂದು ಅವಳು ಕಿವಿ ತೆಗೆಯಲೇ ಇಲ್ಲ.

ನನಗೆ ಚಿಕ್ಕಂದಿನಿಂದ ಉಬ್ಬಸ. ಮದುವೆಯಾಗಿ ಬಂದ ಹೊಸದರಲ್ಲಿ ಬೆನ್ನು ಹಿಡಿದುಕೊಂಡಿತೆಂದು ಅತ್ತೆಯವರು ಅವಳನ್ನು ಕರೆಸಿದರು. ಕಿವಿ ಇಟ್ಟಳು, ಎದ್ದಳು, ಎಣ್ಣೆ ಬಟ್ಟಲನ್ನು ಅತ್ತ ಸರಿಸಿದಳು. "ಒಳಗೆ ಬೆಕ್ಕು ಮಲಗ್ಯದೆ. ನಾ ಎಬ್ಬಿಸಲ್ಲ."

ಅವಳ ಮಾತಿನಲ್ಲಿ ಉಬ್ಬಸವೆಂದರೆ ಬೆಕ್ಕು. ನನ್ನ ಎದೆಯ ಗುರುಗುಟ್ಟುವಿಕೆಗೆ ಅದಕ್ಕಿಂತ ಒಪ್ಪುವ ಹೆಸರನ್ನು ನಾನು ಈವರೆಗೆ ಕೇಳಿಲ್ಲ. ಹಿಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರನ್ನು ಮಕಾಡೆ ಮಲಗಿಸಿ, ತನ್ನ ರಟ್ಟೆಯ ಬಲವನ್ನೆಲ್ಲ ಹಾಕಿ ನೀವಿದಳಂತೆ. ಅವರಿಗೆ ಉಬ್ಬಸವಿದ್ದುದು ಇವಳಿಗೆ ಗೊತ್ತಿಲ್ಲ, ಅವರು ಹೇಳಲಿಲ್ಲ. ತುಟಿ ನೀಲಿಗಟ್ಟಿ ಕಣ್ಣು ಮೇಲೆ ಹೋಯಿತು. ಹೇಗೋ ಎತ್ತಿ ಕೂರಿಸಿದ ಮೇಲೆ ಅವರು ಉಳಿದರು. ಇವಳು ಮಾತ್ರ ದೇವರಮನೆ ಬೆಟ್ಟದ ಗುಡಿಗೆ ನಡೆದು ಹೋಗಿ ಭೈರವನ ಮುಂದೆ ಆಣೆ ಮಾಡಿದಳು: ಇನ್ನು ಉಬ್ಬಸದವರ ಮೈ ಮುಟ್ಟುವುದಿಲ್ಲ. ಕಿವಿ ಇಡುವ ಅಭ್ಯಾಸ ಅಲ್ಲಿಂದ ಬಂದದ್ದು.

ನನ್ನ ತಾಯಿ ನನ್ನ ಹೆತ್ತು ಹೆಚ್ಚು ದಿನ ಬದುಕಲಿಲ್ಲ. ಹಾಗಾಗಿ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಮಗು. ಬಾಣಂತಿಗೆ ಎಣ್ಣೆ ನೀರು ಇಲ್ಲದಿದ್ದರೆ ಮೈ ಬಿದ್ದುಹೋಗುತ್ತದೆ ಎಂದು ಅತ್ತೆಯವರಿಗೆ ದಿಗಿಲು. ಬೈರಮ್ಮನಿಗೋ ಆಣೆ. ಅತ್ತೆಯವರು ವಿಭೂತಿ ಹಚ್ಚಿದ ಕೈಯಲ್ಲೇ ಅವಳ ಕೈ ಹಿಡಿದು, ತಾಯಿಲ್ಲದ ಹುಡುಗಿ ಕಣೇ ಎಂದರು. ಬೈರಮ್ಮ ಎಣ್ಣೆ ಬಟ್ಟಲನ್ನು ಅತ್ತೆಯವರ ಕಡೆಗೆ ಸರಿಸಿದಳು. ಆಮೇಲೆ, ಎಣ್ಣೆ ನೀವೇ ಹಚ್ಚಿ, ನಾನು ಹೇಳಿಕೊಡುತ್ತೇನೆ, ಆಣೆ ಮಾಡಿರುವುದು ಕೈಯ ಮೇಲೆ, ಬಾಯಿ ಮೇಲಲ್ಲ ಎಂದಳು.

ಅಂಗಡಿ ಸಾಹುಕಾರರ ಹೆಂಡತಿ ಸೊಸೆಗೆ ಎಣ್ಣೆ ಹಚ್ಚುವುದು, ಲೈನಿನ ಹೆಂಗಸು ಎದುರಿಗೆ ಕೈ ಕಟ್ಟಿ ಕೂತು ತಿದ್ದುವುದು! ನನ್ನನ್ನು ಮಲಗಿಸಬಾರದು, ಮಣೆಯ ಮೇಲೆ ಕೂರಿಸಬೇಕು. ಎಣ್ಣೆಗೆ ಕರ್ಪೂರ ಹಾಕಬಾರದು. ಎದೆ ಒತ್ತಬಾರದು. ನನಗೆ ಬೇಡ ಅನ್ನಿಸಿದರೆ ನಾನು ಕೈ ಎತ್ತಬೇಕು, ಆಗ ನಿಲ್ಲಿಸಿಬಿಡಬೇಕು. ಅತ್ತೆಯವರು ಹೆದರಿಕೆಗೆ ಭುಜವನ್ನು ತಟ್ಟತೊಡಗಿದರು.

"ಅಮ್ಮಾರೆ, ಅದು ಸೊಸೆ ಬೆನ್ನು, ರೊಟ್ಟಿ ಹಿಟ್ಟಲ್ಲ," ಎಂದಳು ಬೈರಮ್ಮ. ಅತ್ತೆಯವರು ನಕ್ಕರು. ಅವರು ನಗುವಾಗ ಕೈ ಸಡಿಲವಾಯಿತು. ನನ್ನ ಮೈಗೆ ತಾಯಿಯ ಕೈ ತಾಗಿದ ನೆನಪಿಲ್ಲ. ಅವತ್ತು ತಾಗಿದ್ದು ಅದೇ ಎಂದುಕೊಂಡೆ.

ನೀರೆರೆದು ಕೋಣೆಗೆ ಕರೆತಂದರು. ಗಾಳಿ ಸೋಕದಂತೆ ಬಾಗಿಲು ಹಾಕಿ ಕಿಟಕಿಗೆ ಬಟ್ಟೆ ತುರುಕಿದ್ದರು. ಬೈರಮ್ಮ ಎಲೆಅಡಿಕೆ ಉಗಿಯಲು ಹಿತ್ತಲಿಗೆ ಹೋದಳು. ಎಲ್ಲವೂ ಸುಸೂತ್ರವಾಯಿತೆಂಬ ಸಂತೋಷದಲ್ಲಿ ಅತ್ತೆಯವರು, ತಾವು ಬಾಣಂತಿಯಾಗಿದ್ದಾಗ ಕಂಡದ್ದನ್ನೇ ಮಾಡಿದರು. ಮಡಕೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮಂಚದ ಕೆಳಗಿಟ್ಟರು, ಕಂಬಳಿ ಹೊದಿಸಿದರು.

ಬೆಕ್ಕು ಎದ್ದಿತು. ಒಳಗೆ ಹೋದ ಉಸಿರು ಹೊರಗೆ ಬರಲೊಲ್ಲದು. ಕೂಗಲು ದನಿಯಿಲ್ಲ. ತೊಟ್ಟಿಲಲ್ಲಿ ಮಗು ಇದೆ, ಶಿವನೇ, ಇದೂ ನನ್ನ ಹಾಗೆ ತಾಯಿಲ್ಲದೆ ಬೆಳೆಯಬೇಕೇ ಎನ್ನುವುದೊಂದೇ ತಲೆಯಲ್ಲಿ. ಅತ್ತೆಯವರು ಹಿತ್ತಲ ಕಡೆಗೆ ಓಡಿ, ಬೈರೀ ಎಂದು ಕೂಗಿದರು.

ಬೈರಮ್ಮ ಬಂದವಳೇ ಬಾಗಿಲು ತೆರೆದಿಟ್ಟಳು. ಸೆರಗಿನಲ್ಲಿ ಕೆಂಡದ ಮಡಕೆ ಹಿಡಿದು ಅಂಗಳಕ್ಕೆ ಎಸೆದಳು. ಕಿಟಕಿಯ ಬಟ್ಟೆ ಕಿತ್ತಳು. ನನ್ನನ್ನು ಎತ್ತಿ ಕೂರಿಸಿ, ಸುತ್ತಿಟ್ಟ ಹಾಸಿಗೆಯ ಮೇಲೆ ಮೊಣಕೈ ಊರಿಸಿ ಮುಂದಕ್ಕೆ ಬಾಗಿಸಿದಳು. ಆಮೇಲೆ ಅವಳ ಅಂಗೈ ನನ್ನ ಬೆನ್ನ ಮೇಲೆ ಬಂತು. ನೀವಲಿಲ್ಲ, ಒತ್ತಲಿಲ್ಲ, ಸುಮ್ಮನೆ ಇಟ್ಟಳು.

"ಊದು ಮಗ, ಒಲೆ ಊದೋ ಹಂಗೆ. ಮೆಲ್ಲಗೆ. ಬೆಂಕಿ ಹತ್ತೋದು ಬ್ಯಾಡ ನಮಗೆ."

ನಾನು ಊದಿದೆ. ಅತ್ತೆಯವರು ಬೆಲ್ಲದ ಕರಿ ಕಾಫಿ ಗಟ್ಟಿಯಾಗಿ ಕಾಸಿ ತಂದರು, ಗುಟುಕು ಗುಟುಕಾಗಿ ಕುಡಿಸಿದರು. ಉಸಿರು ದಾರಿ ಕಂಡುಕೊಂಡಾಗ ಅಂಗಳದ ಬಿಸಿಲು ಕೋಣೆಯೊಳಗೆ ಬಂದಿತ್ತು. ಆಗ ಅತ್ತೆಯವರು ಮೆಲ್ಲಗೆ, ಮುಟ್ಟಿಬಿಟ್ಟೆಯಲ್ಲೇ ಎಂದರು.

ಬೈರಮ್ಮ ತನ್ನ ಕೈಯನ್ನೇ ನೋಡಿಕೊಂಡಳು. "ಕೈ ಹೋಗ್ಬಿಡ್ತು ಅಮ್ಮಾರೆ. ಬೈರವಂಗೆ ನಾ ಹೇಳ್ಕತೀನಿ."

ದೇವರಮನೆಗೆ ಒಬ್ಬಳೇ ಹೋಗಲು ಅತ್ತೆಯವರು ಬಿಡಲಿಲ್ಲ. ಹೊಗೆ ಹಾಕಿದವಳು ನಾನಲ್ಲವೇ ಎಂದು ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಕೊಂಡು ಜೊತೆಗೆ ಹೊರಟರು. ದೇವರ ಬಲಗಡೆಯ ಹೂ ಬಿತ್ತಂತೆ. ಭೈರವ ಒಪ್ಪಿದ ಎಂದು ಹಿಗ್ಗಿ ಬಂದರು ಇಬ್ಬರೂ.

ಅಂದಿನಿಂದ ಬೈರಮ್ಮ ಉಬ್ಬಸದವರನ್ನೂ ಮುಟ್ಟಿದಳು, ಆದರೆ ಬೆಕ್ಕು ಮಲಗಿದ್ದಾಗ ಮಾತ್ರ. ಎದ್ದಿದ್ದರೆ ಮೂಡಿಗೆರೆ ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸುತ್ತಿದ್ದಳು. ನಿನ್ನ ಎಣ್ಣೆಯಿಂದ ನನಗೆ ವಾಸಿಯಾಯಿತು ಎಂದರೆ ಸಿಟ್ಟು ಬರುತ್ತಿತ್ತು. "ನನ್ನೆಣ್ಣೆಗೆ ಬೆಕ್ಕು ಓಡಲ್ಲ ಮಾರಾಯ್ತಿ. ಹೆದ್ರಿಕೆ ಓಡ್ತದೆ, ಅಷ್ಟೆ." ಅಷ್ಟಾದರೂ ಎಷ್ಟು ದೊಡ್ಡದೆಂದು ಉಸಿರು ಕಟ್ಟಿದವರಿಗೆ ಗೊತ್ತು. ನನ್ನ ಇನ್ನಿಬ್ಬರು ಮಕ್ಕಳ ಬಾಣಂತನವೂ ಅವಳದೇ. ಬಾಗಿಲು ತೆರೆದ ಕೋಣೆ, ಬರೀ ಕೊಬ್ಬರಿ ಎಣ್ಣೆ.

ಮಹಾಯುದ್ಧ ಮುಗಿದ ವರ್ಷದ ಮಳೆಗಾಲದಲ್ಲಿ ಅವಳಿಗೇ ಉಬ್ಬಸ ಶುರುವಾಯಿತು. ಲೈನಿಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ನಾನು ಅವಳ ಬೆನ್ನಿಗೆ ಕಿವಿ ಇಟ್ಟೆ. ಐತಾ ಎಂದಳು. ಎದ್ದಿದೆ ಎಂದೆ, ಸುಳ್ಳು ಹೇಳಿದ್ದರೆ ಅವಳಿಗೆ ತಿಳಿಯುತ್ತಿತ್ತು.

"ನಿಮ್ಮನೇದೇ ಇರ್ಬೇಕು," ಎಂದು ಬಾಯಿ ತುಂಬ ನಕ್ಕಳು. "ದಾರಿ ತಪ್ಪಿ ಬಂದದೆ."

ಅಂಗೈಯನ್ನು ಅವಳ ಬೆನ್ನ ಮೇಲಿಟ್ಟು ಕೂತಿದ್ದು ಬಂದೆ. ಅವಳನ್ನು ಕಂಡದ್ದು ಅದೇ ಕೊನೆ. ಅಂದಿನಿಂದ ಪೂಜೆಗೆ ಕೂತಾಗಲೆಲ್ಲ, ಅವಳಿಗೆ ಆ ಒದ್ದಾಟ ಬೇಡ ಶಿವನೇ ಎಂದು ಬೇಡಿಕೊಳ್ಳುತ್ತಿದ್ದೆ. ಅದಕ್ಕೇ ದೇವಿಯನ್ನು ಹಾಗೆ ಕೇಳಿದ್ದು.

ದೇವಿ ನನ್ನ ಕೈಯಿಂದ ಸಟ್ಟುಗ ತೆಗೆದುಕೊಂಡು ಬೀಜ ಕೆದಕುತ್ತಾ ಹೇಳಿದಳು. ಬೈರಮ್ಮ ಬೆಳಿಗ್ಗೆ ಹೊಸ್ತಿಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕಾಫಿ ಕುಡಿದಳಂತೆ. ಇವತ್ತು ಬೆಕ್ಕಿನ ಸುಳಿವಿಲ್ಲ ಎಂದಳಂತೆ. ಲೋಟ ಪಕ್ಕಕ್ಕಿಟ್ಟು ಬಾಗಿಲ ಚೌಕಟ್ಟಿಗೆ ಒರಗಿದಳು. ತೂಕಡಿಸುತ್ತಿದ್ದಾಳೆಂದುಕೊಂಡು ದೇವಿ ಅಂಗಳ ಗುಡಿಸಿ ಮುಗಿಸಿದ್ದಾಳೆ. "ಲೋಟನೂ ಉರುಳಿರ್ಲಿಲ್ಲ ಅವ್ವ."

ಕಣ್ಣಲ್ಲಿ ನೀರು ಬಂತು, ಎದೆ ಮಾತ್ರ ಹಗುರವಾಯಿತು. ಅಷ್ಟನ್ನು ಕೊಟ್ಟನಲ್ಲ ಶಿವ. ದೇವಿ ಕೆದಕುತ್ತಿದ್ದುದರಿಂದ ಬೀಜವೂ ಸೀದಿರಲಿಲ್ಲ. ಮಣ್ಣಿಗೆ ಬರುತ್ತೇನೆಂದು ಹೇಳಿ ಅವಳನ್ನು ಮುಂದೆ ಕಳಿಸಿದೆ. ಬಾಣಲೆ ಇಳಿಸಿ ಬೀಜವನ್ನು ಮೊರಕ್ಕೆ ಸುರಿದೆ. ಗಾಳಿಗೆ ಬೆನ್ನು ಕೊಟ್ಟು ಕೂತು, ಮೆಲ್ಲಗೆ ಊದುತ್ತಾ ಹೊಟ್ಟು ಹಾರಿಸತೊಡಗಿದೆ.