ಉಡಚಮ್ಮನ ಇಪ್ಪತ್ತೊಂದು ದಿನದ ನೀರು

ವಿನೋಬನಗರದ ನಮ್ಮ ಚಿಕ್ಕ ಚರ್ಚಿನಲ್ಲಿ ಉಡಚಮ್ಮನಷ್ಟು ನನ್ನನ್ನು ಬೈದವರಿಲ್ಲ, ಅವಳಷ್ಟು ನಗಿಸಿದವರೂ ಇಲ್ಲ. ಉಕ್ಕಡಗಾತ್ರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ದಾವಣಗೆರೆಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಊರಂಚಿನ ಕರೂರಿನ ಒಂದು ಕಾರ್ಖಾನೆಯಲ್ಲಿ ಕಸ ಗುಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ದೀಕ್ಷಾಸ್ನಾನದ ದಿನ ಪಾದ್ರಿ ಅಯ್ಯನವರು ಹೊಸ ಹೆಸರಿಡಲು ಹೊರಟರೆ, "ಇರೋ ಹೆಸರೇ ದೇವರಿಗೆ ಗೊತ್ತೈತಲ್ರಿ, ಮತ್ತೊಂದು ಯಾಕ?" ಎಂದಳಂತೆ. ಅಂಥ ಬಾಯಿ ಅವಳದು.

ನಾನು ದಾನಪ್ಪ. ಶಾಲೆಯಲ್ಲಿ ಮೇಷ್ಟ್ರು, ಚರ್ಚಿನಲ್ಲಿ ಗಾಯನ ತಂಡದ ಮುಖ್ಯಸ್ಥ, ಸಾಲದ್ದಕ್ಕೆ ಕಟ್ಟಡ ಸಮಿತಿಯ ಕಾರ್ಯದರ್ಶಿ. ಇಷ್ಟೆಲ್ಲ ಒಬ್ಬನ ತಲೆಯ ಮೇಲೆ ಕೂತರೆ ತಲೆ ನೆಟ್ಟಗಿರುತ್ತದೆಯೇ? ನನ್ನದಂತೂ ಇರಲಿಲ್ಲ.

ಅದು ೧೯೭೮ರ ಏಪ್ರಿಲ್. ಆರು ವರ್ಷ ಕಾದು, ಸೋರುತ್ತಿದ್ದ ಹೆಂಚಿನ ಮಾಡು ಇಳಿಸಿ, ಕೊನೆಗೂ ಆರ್‌ಸಿಸಿ ಸ್ಲ್ಯಾಬು ಹಾಕಿಸಿದ್ದೆವು. ಮುಂದಿನ ತಿಂಗಳು ಬಿಷಪ್ಪರು ಪ್ರತಿಷ್ಠೆಗೆ ಬರುವವರಿದ್ದರು. ನಾನು ಕರಿಹಲಗೆಯ ಮೇಲೆ 'ಸೇವೆ ಮಾಡುವವರು' ಎಂದು ದೊಡ್ಡದಾಗಿ ಬರೆದು, ಕೆಳಗೆ ಪ್ರಾರ್ಥನೆ, ಗಾಯನ, ವಾಚನ, ಸ್ವಾಗತ ಎಂದು ಹೆಸರುಗಳನ್ನು ತುಂಬುತ್ತಿದ್ದೆ. ಉಡಚಮ್ಮ ಬಂದು ಪಕ್ಕದಲ್ಲಿ ನಿಂತಳು.

"ನನ್ನ ಹೆಸರು ಎಲ್ಲೈತ್ರಿ ಮೇಷ್ಟ್ರೇ?"

"ನೀನೇನು ಸೇವೆ ಮಾಡ್ತೀಯಮ್ಮ?"

"ಸ್ಲ್ಯಾಬಿಗೆ ನೀರು ಹಾಕ್ತೀನಲ್ರಿ. ಇಪ್ಪತ್ತೊಂದು ದಿನ ಒಣಗಬಾರದು ಅಂದಾರೆ ಮಸ್ತಾನಸಾಬ್ರು."

ಮಸ್ತಾನಸಾಬ್ ಎಂದರೆ ಚರ್ಚು ಕಟ್ಟುತ್ತಿದ್ದ ನಮ್ಮ ಗೌಂಡಿ. ನಾನು ನಕ್ಕುಬಿಟ್ಟೆ. "ಅಯ್ಯೋ, ಅದು ಕೂಲಿ ಕೆಲಸ ಆತಲ್ಲಮ್ಮ. ಸೇವೆ ಅಂದ್ರೆ ಬ್ಯಾರೆ."

"ಹೌದೇನ್ರಿ?" ಎಂದಳು, ಅಷ್ಟೇ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಏಣಿ ಹತ್ತಿದಳು. ದೇಹದಲ್ಲಿ ಯಾವ ಅಂಗವೂ ಕೀಳಲ್ಲ ಎಂಬ ಬೈಬಲ್ ಪಾಠವನ್ನು ಹಿಂದಿನ ಭಾನುವಾರವಷ್ಟೇ ಮಕ್ಕಳಿಗೆ ರಾಗವಾಗಿ ಕಲಿಸಿದ್ದವನು ನಾನೇ. ಆಗ ಅದು ನೆನಪಿಗೇ ಬರಲಿಲ್ಲ, ನೋಡಿ!

ಕೆಲಸಕ್ಕೆ ಹೋಗುವ ಮುಂಚೆ ಇಪ್ಪತ್ತು ಕೊಡ, ಬಂದ ಮೇಲೆ ಇಪ್ಪತ್ತು ಕೊಡ. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಿದ್ದಳು. ಹನ್ನೆರಡನೆಯ ದಿನ ನಾವು ಗೋಡೆಯ ನೆರಳಲ್ಲಿ ಕೂತು ಹಾಡು ಅಭ್ಯಾಸ ಮಾಡುತ್ತಿದ್ದಾಗ ಮೇಲೆ ಒಂದು ಕಟ್ಟೆ ಒಡೆಯಿತು. ನೀರು ಸುರಿದದ್ದು ಎಲ್ಲಿಗೆ? ಸೀದಾ ನನ್ನ ಹಾರ್ಮೋನಿಯಂ ಮೇಲೆ.

"ಇಳಿ ಕೆಳಗೆ!" ಎಂದು ಕಿರುಚಿದೆ. "ಸ್ಲ್ಯಾಬು ಕಲ್ಲಾಗೈತೆ, ಇನ್ನು ನೀರು ಬ್ಯಾಡ!"

"ಮೇಲೆ ಗಟ್ಟಿ ಐತ್ರಿ, ಒಳಗೆ ಇನ್ನೂ ಹಸಿ ಐತೆ."

"ನನಗೆ ಹೇಳ್ತೀಯಾ?" ಎಂದು ರೇಗಿದೆ. ಅವಳು ಇಳಿದದ್ದೇ ತಡ, ಏಣಿಯನ್ನು ಹೊತ್ತುಕೊಂಡು ಹೋಗಿ ನನ್ನ ಮನೆಯ ಹಿತ್ತಲಲ್ಲಿ ಇಟ್ಟೆ. ಮಸ್ತಾನಸಾಬ್ ಆಗ ಹರಿಹರದಲ್ಲಿ ಬೇರೆ ಕೆಲಸದ ಮೇಲಿದ್ದ. ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಇಪ್ಪತ್ತೊಂದು ದಿನ ಕಳೆದು ಸೆಂಟ್ರಿಂಗ್ ಬಿಚ್ಚುವ ದಿನ ಬಂತು. ಸ್ಲ್ಯಾಬನ್ನು ಹೊತ್ತು ನಿಂತಿದ್ದ ಗೂಟಗಳನ್ನು ತೆಗೆಯಬೇಕು. ಸಭೆಯೆಲ್ಲ ಹೊರಗೆ ನೆರೆದಿತ್ತು. ಮಸ್ತಾನಸಾಬ್ ಪೇಟ ಸರಿಮಾಡಿಕೊಂಡು ಕೂಗಿದ:

"ನಮ್ಮ ಅಪ್ಪನ ಕಾಲದಿಂದ ಒಂದು ಪದ್ಧತಿ ಐತ್ರಿ. ಮೊದಲ ಗೂಟ ಬೀಳೋವಾಗ ಕೆಳಗೆ ಇಬ್ಬರೇ ನಿಲ್ಲೋದು. ಕಟ್ಟಿದವನು, ನೀರು ಹಾಕಿದವರು. ನೀರು ತಪ್ಪಿದ್ರೆ ಈಗ್ಲೇ ಹೇಳ್ಬಿಡ್ರಿ. ಈ ಬಿಸಿಲಿಗೆ ಬಿರುಕು ಬಿಟ್ಟಿರುತ್ತೆ, ಗೂಟ ಮುಟ್ಟಂಗಿಲ್ಲ."

ನಾನು ಲೆಕ್ಕ ಹಾಕಿದೆ. ಒಂಬತ್ತು ದಿನ! ಏಪ್ರಿಲ್ ಬಿಸಿಲು! ಆರು ವರ್ಷ ಕಾದು ಕಟ್ಟಿದ ಚರ್ಚು ನನ್ನ ಸಿಟ್ಟಿನಿಂದ ಕುಸಿಯುತ್ತದೆ, ಅದೂ ಉಡಚಮ್ಮನ ತಲೆಯ ಮೇಲೆ. ಅವಳಾಗಲೇ ಸೆರಗು ಸಿಕ್ಕಿಸಿ ಒಳಗೆ ಹೊರಟಿದ್ದಳು.

"ನಿಲ್ಲಮ್ಮ!" ಎಂದು ಓಡಿದೆ. "ತಪ್ಪು ನಂದು. ಏಣಿ ನಾನೇ ತಗೊಂಡು ಹೋಗಿದ್ದೆ. ಒಂಬತ್ತು ದಿನದಿಂದ ನೀರು ಬಿದ್ದಿಲ್ಲ ಸಾಬ್ರೇ."

ಅಯ್ಯನವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಆಗ ಉಡಚಮ್ಮ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು.

"ಏಣಿ ಒಯ್ದ್ರಿ ಮೇಷ್ಟ್ರೇ, ಮಾಬೂಬಕ್ಕನ ಮಾಳಿಗೆ ಒಯ್ದ್ರೇನು?"

ಪಕ್ಕದ ಮನೆಯ ಮಾಬೂಬೀ ತನ್ನ ಮಾಳಿಗೆಯ ಮೇಲೆ ನಿಂತು ಕೈ ಬೀಸುತ್ತಿದ್ದಳು. ಎರಡು ಕಟ್ಟಡಗಳ ನಡುವೆ ಇದ್ದದ್ದು ಒಂದೇ ಮೊಳ ಸಂದು. ಅವಳ ಬಾವಿಯ ನೀರು, ಅವಳ ಮೆಟ್ಟಿಲು. ನಾನು ಚರ್ಚಿನ ಕಡೆ ಇಲ್ಲದ ಹೊತ್ತು ನೋಡಿಕೊಂಡು ಇಬ್ಬರೂ ಸೇರಿ ಒಂದು ಹೊತ್ತೂ ತಪ್ಪಿಸದೆ ಹಾಕಿದ್ದರು.

"ನಿಮ್ಮ ಹಾಡಿನ ಪೆಟ್ಟಿಗೆ ಇರೋ ಕಡೆ ನೀರು ನಿಲ್ಲಿಸಿಲ್ರಿ," ಎಂದಳು ಉಡಚಮ್ಮ. "ಅಲ್ಲಿ ಗೋಣಿಚೀಲ ನೆನೆಸಿ ಹಾಸೀನಿ. ಹಾಡೂ ನಡೀಬೇಕಲ್ಲ!"

ಎಲ್ಲರ ಮುಂದೆ ಅತ್ತುಬಿಟ್ಟೆ. ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ಅವಳು ನನ್ನ ರಟ್ಟೆ ಹಿಡಿದು, "ಬರ್ರಿ, ನೀವೂ ನಿಲ್ರಿ," ಎಂದು ಒಳಗೆ ಎಳೆದೊಯ್ದಳು. ಸುತ್ತಿಗೆ ಏಟಿಗೆ ಮೊದಲ ಗೂಟ ಜಾರಿತು, ಎರಡನೆಯದು, ಮೂರನೆಯದು. ನನ್ನ ತಲೆಗೆ ಒಂದಿಷ್ಟು ಸಿಮೆಂಟಿನ ಧೂಳು ಬಿತ್ತು. ಸ್ಲ್ಯಾಬು ಕದಲಲಿಲ್ಲ. ಹೊರಗಿನವರು ಹೋ ಎಂದು ಕೂಗುತ್ತ ಒಳಗೆ ನುಗ್ಗಿದರು. ಮಾಬೂಬೀ ಒಂದು ತಟ್ಟೆ ಮಂಡಕ್ಕಿ ಕಳಿಸಿದಳು.

ನಾನು ಕರಿಹಲಗೆಯ ಹತ್ತಿರ ಹೋಗಿ ಎಲ್ಲಕ್ಕಿಂತ ಮೇಲೆ 'ನೀರು: ಉಡಚಮ್ಮ' ಎಂದು ಬರೆಯಹೊರಟೆ. ಓದಲು ಬಾರದವಳು ಅದು ಹೇಗೆ ಕಂಡುಹಿಡಿದಳೋ! "ಮೇಲೆ ಬ್ಯಾಡ್ರಿ. ಸಾಲಿನಾಗ ಬರೀರಿ, ಗಾಯನದ ಪಕ್ಕ," ಎಂದಳು. ಬಿಷಪ್ಪರು ಬಂದಾಗ ಆ ಪಟ್ಟಿಯನ್ನು ಹಾಗೆಯೇ ಓದಿದರು.

೧೯೮೫ರಲ್ಲಿ ಭಾನುವಾರದ ಶಾಲೆಗೆಂದು ಪಕ್ಕದಲ್ಲಿ ಒಂದು ಕೋಣೆ ಕಟ್ಟಿಸಿದೆವು. ಅಷ್ಟರಲ್ಲಿ ಉಡಚಮ್ಮನ ಮೊಣಕಾಲು ಹೋಗಿತ್ತು. ನಾನು ನಿವೃತ್ತನಾಗಿದ್ದೆ. ಕೊಡ ಹೊತ್ತು ಏಣಿ ಹತ್ತುವವನು ನಾನೇ. ಅವಳು ಕೆಳಗೆ ಕುರ್ಚಿ ಹಾಕಿಕೊಂಡು ಕೂತು, "ಮೇಷ್ಟ್ರೇ, ಆ ಮೂಲೆ ಒಣಗೈತೆ! ಕಣ್ಣು ಕಾಣ್ತಾವೋ ಇಲ್ವೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಆ ಸಲದ ಪಟ್ಟಿಯನ್ನು ನನ್ನ ಕೈಯಿಂದ ಬರೆಸಿದವಳೂ ಅವಳೇ. ಅದರಲ್ಲಿ ಗಾಯನದ ಮುಂದೆ ಬೇರೆ ಹುಡುಗರ ಹೆಸರಿತ್ತು. ಅದರ ಪಕ್ಕದ ಸಾಲಿನಲ್ಲಿ, 'ನೀರು: ದಾನಪ್ಪ.'