ದ್ವೀಪಕ್ಕೊಂದು ಸುತ್ತು

ಪಾಲಾಕ್ಷನನ್ನು ನಾನು ಮೊದಲು ಕಂಡದ್ದು ೧೯೯೬ರ ಮಾಘಮಾಸದಲ್ಲಿ. ಆಗ ನಾನು ಕೊಣನೂರಿನಲ್ಲಿ ಮೇಷ್ಟ್ರು. ನೆರೆಮನೆಯ ಪುಟ್ಟತಾಯಮ್ಮ ಶ್ರೀರಂಗಪಟ್ಟಣಕ್ಕೆ ಜೊತೆಗೆ ಬರಬೇಕೆಂದು ನನ್ನನ್ನು ಕೇಳಿದ್ದರು. ರಾಮನಾಥಪುರದಿಂದ ಬಾಡಿಗೆ ವ್ಯಾನು ತಂದವನು ಪಾಲಾಕ್ಷ. ಮೂವತ್ತರ ಆಸುಪಾಸು, ಮಾತು ಕಡಿಮೆ. ಹೊರಡುವ ಮೊದಲು ಚಕ್ರಗಳನ್ನು ಒದ್ದು ನೋಡಿದ. ಆಕೆಯ ಸೀಟಿಗೆ ಗೋಣಿತಾಟು ಮಡಿಸಿ ಹಾಸಿದ.

ಮಗಳು ಸ್ನೇಹಲತಾಳ ಹೆರಿಗೆ ಕಷ್ಟವಾದಾಗ, ತಾಯಿ ಮಗು ಉಳಿದರೆ ರಂಗನಾಥನ ದ್ವೀಪವನ್ನೇ ಒಂದು ಸುತ್ತು ಬರುತ್ತೇನೆಂದು ಪುಟ್ಟತಾಯಮ್ಮ ಹರಕೆ ಹೊತ್ತಿದ್ದರು. ಇಬ್ಬರೂ ಉಳಿದರು. ಆದರೆ ಆಕೆ ಆ ದ್ವೀಪವನ್ನು ಕಂಡವರಲ್ಲ. ಗುಡಿಯ ಪ್ರಾಕಾರದಂತೆ ಸುತ್ತಲೂ ದಾರಿಯಿರುತ್ತದೆಂದೇ ನಂಬಿದ್ದರು. ಹರಕೆ ಅರೆಯಾದರೆ ಮಗುವಿಗೆ ಕೇಡೆಂಬ ಭಯ ಬೇರೆ.

ರಂಗನಾಥನ ಗುಡಿಯಿಂದ ಹೊರಟು ಗಂಜಾಂ ದಾಟಿ, ಹೊಳೆಯ ಎರಡು ಕವಲೂ ಕೂಡುವ ಸಂಗಮಕ್ಕೆ ಬಂದೆವು. ರಸ್ತೆ ಅಲ್ಲಿಗೇ ಮುಗಿಯಿತು. ಮುಂದೆ ಕಬ್ಬಿನ ಗದ್ದೆ, ಎತ್ತಿನಗಾಡಿಯ ಜಾಡು. ಪುಟ್ಟತಾಯಮ್ಮ ಕೈಮುಗಿದು ಕಣ್ಣು ಮುಚ್ಚಿ ಕುಳಿತೇ ಇದ್ದರು. ಬಂದ ದಾರಿಯಲ್ಲೇ ಹಿಂದಿರುಗಿ ಸುತ್ತು ಮುಗಿಯಿತೆಂದುಬಿಡೋಣ, ಅವರಿಗೇನು ತಿಳಿಯುತ್ತದೆ ಎಂದು ನಾನು ಮೆಲ್ಲಗೆ ಹೇಳಿದೆ. ಮೇಷ್ಟ್ರಾಗಿ ಹಾಗೆ ಹೇಳಬಾರದಿತ್ತು.

“ಅವ್ವಂಗೆ ತಿಳ್ಯಾಕಿಲ್ಲ ಸಾ. ನಾಳೆ ಕೂಸಿಗೆ ಒಂದ್ ನೆಗಡಿ ಬಂದ್ರೂ ನಂಗ್ ನಿದ್ದೆ ಬತ್ತದಾ?” ಎಂದ ಪಾಲಾಕ್ಷ.

ಬಾಗಿಲು ತೆರೆದು, ಇದ್ದದ್ದನ್ನು ಇದ್ದಂತೆ ಆಕೆಗೆ ಹೇಳಿದ. ಆಕೆಯ ಮುಖ ಬಾಡಿತು.

“ಅಂಗಾರೆ ನನ್ ಅರಕೆ ಏನ್ಲಾ ಮಗ?”

“ವ್ಯಾನು ಓಗೋಗಂಟ ವ್ಯಾನು, ಆಮ್ಯಾಕೆ ಎತ್ತಿನಗಾಡಿ ಕಣವ್ವ.”

ಕಬ್ಬು ಇಳಿಸಿ ಬರಿಗಾಡಿಯಲ್ಲಿ ಬರುತ್ತಿದ್ದ ಚಿಕ್ಕಯ್ಯನೆಂಬ ರೈತನನ್ನು ನಿಲ್ಲಿಸಿ ಒಪ್ಪಿಸಿದ. ವಿಷಯ ಕೇಳಿ ಚಿಕ್ಕಯ್ಯ ನಕ್ಕ.

“ನನ್ನೆತ್ಗಳು ದಿನಾ ಇದ್ನೇ ಸುತ್ತತಾವೆ ಕಣಮ್ಮ, ಇನ್ನೂ ಮೋಕ್ಸ ಸಿಕ್ಕಿಲ್ಲ.”

ನಾನೂ ಆಕೆಯೂ ಗಾಡಿ ಹತ್ತಿ, ಬಲಕ್ಕೆ ಕಬ್ಬು, ಎಡಕ್ಕೆ ಹೊಳೆ ನೋಡುತ್ತ ಸಾಗಿದೆವು. ಪಾಲಾಕ್ಷ ಊರ ಕಡೆಯಿಂದ ಬಳಸಿ ಬಂದು, ಜಾಡು ಟಾರು ರಸ್ತೆ ಸೇರುವಲ್ಲಿ ವ್ಯಾನು ನಿಲ್ಲಿಸಿಕೊಂಡು ಕಾದಿದ್ದ. ಗುಡಿಯ ಬಾಗಿಲಿಗೆ ಮರಳಿದಾಗ ಪುಟ್ಟತಾಯಮ್ಮ ಒಳಗೆ ಹೋಗುವ ಮೊದಲು ಅವನ ತಲೆಯ ಮೇಲೆ ಕೈಯಿಟ್ಟರು.

ಸೊಂಟನೋವೆಂದು ಪಾಲಾಕ್ಷ ೨೦೦೫ರಲ್ಲಿ ವ್ಯಾನು ಓಡಿಸುವುದನ್ನು ಬಿಟ್ಟ. ಈಗ ರಾಮನಾಥಪುರದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳಿಗೆ ಜನ ಹತ್ತಿಸುವ ಏಜೆಂಟ. ವಯಸ್ಸಾದವರು ಬಂದರೆ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಎಷ್ಟು ನಡೆಯಬೇಕು ಎಂಬುದನ್ನು ಹತ್ತುವ ಮೊದಲೇ ಹೇಳಿಬಿಡುತ್ತಾನೆ. ಕೆಲವರು ಹಿಂದೆ ಸರಿಯುತ್ತಾರೆ. ಕಂಡಕ್ಟರು ಬಯ್ಯುತ್ತಾನೆ.