ದಾವಲಣ್ಣನ ಎಡಗಿವಿ

ಬಾರಿಸುತ್ತಿದ್ದ ಹಲಗೆ ನಿಂತಿತ್ತು ಎಂದೇ ನನ್ನ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ನಮ್ಮ ಹಳೆಯ ಮನೆಯ ಬಾಗಿಲಿಗೆ ಹಸಿರು ಬಣ್ಣವಿತ್ತು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಈಚೆಗೆ ಅಕ್ಕ ಬಂದವಳು, ನಮ್ಮದು ನೀಲಿ, ಹಸಿರು ಇದ್ದದ್ದು ಎದುರು ಮನೆಯವರದು ಎಂದಳು. ಅಂದರೆ ಅಷ್ಟು ಕಾಲವೂ ನಾನು ನೆನಪಿನಲ್ಲಿ ಪರರ ಮನೆಗೆ ಹೋಗಿ ಬರುತ್ತಿದ್ದೆ. ಇಂಥವನ ಸಾಕ್ಷಿಯ ಮೇಲೆ ಒಬ್ಬ ಪೈಲವಾನನ ಮಾನ ನಿಂತಿತ್ತು ಎಂದರೆ ನೀವೇ ಯೋಚಿಸಿ.

ಪೈಲವಾನನೆಂದರೆ ನಮ್ಮೂರ ದಾವಲಸಾಬ. ನವಲಗುಂದದ ಹತ್ತಿರದ ಊರು ನಮ್ಮದು. ದಾವಲಣ್ಣನ ಮನೆಯಲ್ಲಿ ಹೆಂಗಸರು ಜಮಖಾನೆ ನೇಯುತ್ತಿದ್ದರು, ಗಂಡಸರು ಹೊಲಕ್ಕೆ ಹೋಗುತ್ತಿದ್ದರು, ದಾವಲಣ್ಣ ಗರಡಿಮನೆಗೆ ಹೋಗುತ್ತಿದ್ದ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಒಂದು ಯುಗಾದಿಗೆ ಊರಿಗೆ ಬಂದಿದ್ದೆ. ಹಬ್ಬದ ಮರುದಿನ ಕುಸ್ತಿ. ಕೊನೆಯ ದೊಡ್ಡ ಕುಸ್ತಿಗೆ ದೇವಿಕೊಪ್ಪದ ಚನ್ನಬಸಪ್ಪ ಬಂದಿದ್ದ. ಅವನ ಹೆಸರು ಕೇಳಿದರೆ ಸಣ್ಣ ಪೈಲವಾನರು ಲಂಗೋಟಿ ಬಿಚ್ಚಿ ಧೋತರ ಉಡುತ್ತಿದ್ದ ಕಾಲ ಅದು. ಅವನ ಜೊತೆ ಹಿಡಿಯಬೇಕಾದವನು ಸಾಂಗಲಿ ಕಡೆಯವನು. ಬಸ್ಸು ಎಲ್ಲಿ ಕೆಟ್ಟಿತೋ, ಅವನು ಬರಲೇ ಇಲ್ಲ. ನಮ್ಮ ಕಡೆ ಎದುರಾಳಿಗೆ ಎದುರಾಳಿ ಎನ್ನುವುದಿಲ್ಲ, ಜೋಡಿ ಎನ್ನುತ್ತಾರೆ. ಎತ್ತಿಗೂ ಅದೇ ಮಾತು, ಗಂಡಹೆಂಡಿರಿಗೂ ಅದೇ ಮಾತು. ಹಿರಿಯರು ಸುತ್ತಲೂ ನೋಡಿ, ತನ್ನ ಕುಸ್ತಿ ಮುಗಿಸಿ ಅಂಗಿ ತೊಟ್ಟು ಮನೆಗೆ ಹೊರಟಿದ್ದ ದಾವಲಣ್ಣನನ್ನು ಕೂಗಿ ಕರೆದು, ಅಂಗಿ ಕಳೆಸಿ, ಚನ್ನಬಸಪ್ಪನಿಗೆ ಜೋಡಿ ಹಚ್ಚಿದರು.

ಇನ್ನು ನನ್ನ ನೆನಪು. ಹಲಗೆ ಜೋರಾಗಿ ಮೊಳಗುತ್ತಿತ್ತು. ದಾವಲಣ್ಣ ಚನ್ನಬಸಪ್ಪನ ಸೊಂಟಕ್ಕೆ ಕೈಹಾಕಿ, ಎದೆಗೆ ತಲೆ ಕೊಟ್ಟು ನಿಂತಿದ್ದ. ಮುಂಜಾನೆ ಬಿದ್ದ ಅಡ್ಡಮಳೆಯ ತೇವಕ್ಕೆ ಹಲಗೆಯ ಚರ್ಮ ಸಡಿಲಾಗಿತ್ತು. ಬಾರಿಸುವವನು ಬೆಂಕಿಗೆ ಹಿಡಿಯಲೆಂದು ಅದನ್ನು ಕೆಳಗಿಳಿಸಿದ. ಇಡೀ ಬಯಲು ಗಪ್ಪಾಯಿತು. ಚನ್ನಬಸಪ್ಪ ಏನಾಯಿತೆಂದು ಆ ಕಡೆ ಕತ್ತು ತಿರುಗಿಸಿದ. ಅಷ್ಟೇ. ಮರುಕ್ಷಣ ಅವನ ಬೆನ್ನಿಗೆ ಮಣ್ಣು ಹತ್ತಿತ್ತು, ನಮ್ಮೂರವರು ದಾವಲಣ್ಣನನ್ನು ಹೆಗಲ ಮೇಲೆ ಹೊತ್ತಿದ್ದರು.

ಆಮೇಲೆ ದಾವಲಣ್ಣ ಎಲ್ಲೆಲ್ಲೋ ಹೋದ. ಬೆಳಗಾವಿ, ಕೊಲ್ಲಾಪುರ, ಸಾಂಗಲಿ. ಎಲ್ಲ ಕಡೆ ಗೋಡೆಯ ಮೇಲೆ ಅವನ ಚಿತ್ರ, ಚಿತ್ರದ ಕೆಳಗೆ 'ಚನ್ನಬಸಪ್ಪನನ್ನು ಚಿತ್ ಮಾಡಿದ' ಎಂಬ ಸಾಲು. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಹೆಸರು ಮಾತ್ರ ಇಳಿಯಲಿಲ್ಲ. ಆದರೆ ನಮ್ಮೂರು ನಮ್ಮೂರೇ. ಹೊರಗಿನವರು ನವಲಗುಂದದ ಹುಲಿ ಎಂದು ಕರೆದವನಿಗೆ ಇಲ್ಲಿಯವರು ಇಟ್ಟ ಹೆಸರು ಹಲಗಿ ಪೈಲವಾನ. ಗೆದ್ದದ್ದು ಅವನಲ್ಲ, ಹಲಗೆ ಎಂದು ಅರ್ಥ.

ದಾವಲಣ್ಣ ಈ ಹೆಸರಿಗೆ ಎಂದೂ ನಗಲಿಲ್ಲ. ಅವನದು ಒಂದೇ ಮಾತು: "ಹಲಗಿ ನಿಂತಿದ್ದಿಲ್ಲ. ನಾ ಕೇಳೇನಿ, ಒಂದ ಸವನ ಬಾರಸ್ತಿತ್ತು." ಬಯಲಿನಲ್ಲಿದ್ದ ಅಷ್ಟೂ ಜನ ನಿಂತಿತ್ತು ಎಂದರೂ ಅವನದು ಇದೇ ಮಾತು.

ಸಂಖ್ಯಾಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವನು ನಾನು. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು 'ಹಾಗೆಂದು ಹೇಗೆ ಗೊತ್ತು?' ಎಂದು ಕೇಳುವುದೊಂದನ್ನೇ. ಮನೆಯಲ್ಲಿ ಈ ಪ್ರಶ್ನೆಗೆ ಮರ್ಯಾದೆಯಿಲ್ಲ. ಸಾರಿಗೆ ಉಪ್ಪು ಹಾಕಿದೆ ಎಂದವಳಿಗೆ ಒಮ್ಮೆ ಕೇಳಿ ನೋಡಿ, ತಿಳಿಯುತ್ತದೆ. ಆದರೆ ಹುಬ್ಬಳ್ಳಿಯಿಂದ ಶನಿವಾರ ಬಸ್ಸು ಹತ್ತಿ ಊರಿಗೆ ಬಂದಾಗ ಈರಪ್ಪನ ಚಹಾದಂಗಡಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಈರಪ್ಪ ನನ್ನ ಜೊತೆ ಶಾಲೆ ಕಲಿತವನು. ಅವನಿಗೆ ಸ್ವಂತ ಪಕ್ಷವೆಂಬುದಿಲ್ಲ. ನಾನು ಯಾವ ಪಕ್ಷವೋ ಅದರ ವಿರುದ್ಧದ್ದು ಅವನದು. ಒಂದು ದಿನ ಅವನಿಗೆ ನನ್ನ ಶಾಸ್ತ್ರ ಹೇಳಿದೆ. ಅರವತ್ನಾಲ್ಕು ಪೈಲವಾನರ ಬದಲು ಅರವತ್ನಾಲ್ಕು ನಾಣ್ಯ ತೆಗೆದುಕೋ. ಎರಡೆರಡು ಜೋಡಿ ಮಾಡಿ ಚಿಮ್ಮು. ಗೆದ್ದದ್ದನ್ನು ಇಟ್ಟುಕೊಂಡು ಸೋತದ್ದನ್ನು ಬಿಡು. ಕೊನೆಗೆ ಒಂದೂ ಸುತ್ತು ಸೋಲದ ಒಂದು ನಾಣ್ಯ ಉಳಿದೇ ಉಳಿಯುತ್ತದೆ. ಅದರಲ್ಲಿ ವಿಶೇಷವೇನೂ ಇಲ್ಲ, ಆದರೂ ನಾವು ಅದಕ್ಕೆ ಹಾರ ಹಾಕಿ, ದಿನಾ ಎಷ್ಟು ಬದಾಮಿ ತಿನ್ನುತ್ತೀ ಎಂದು ಕೇಳುತ್ತೇವೆ.

ಈರಪ್ಪ ಚಹಾ ಸೋಸುತ್ತ, "ಎಲ್ಲಾ ಖರೆ ಪ್ರೊಫೆಸರ್ರ. ನಾಣ್ಯಾಕ್ಕ ಕಿವಿ ಒಡೀತಾವೇನು?" ಎಂದ.

ಕುಸ್ತಿ ಹಿಡಿಯುವವರ ಕಿವಿ ನೀವು ನೋಡಿರಬೇಕು. ತಲೆಗೆ ತಲೆ ತಿಕ್ಕಿ, ಮಣ್ಣಿಗೆ ತಿಕ್ಕಿ, ಒಳಗೆ ನೆತ್ತರು ಕಟ್ಟಿ, ಒಣ ಅಂಜೂರದ ಹಾಗೆ ಮುದುಡಿ ಗಂಟಾಗಿರುತ್ತದೆ. ದಾವಲಣ್ಣನ ಎಡಗಿವಿಯೂ ಹಾಗೆಯೇ. ಅಂದು ನಾನು ಈರಪ್ಪನ ಮಾತನ್ನು ಹಾಸ್ಯವೆಂದು ನಕ್ಕು ಬಿಟ್ಟೆ. ಅವನು ಇದ್ದಕ್ಕಿದ್ದಂತೆ ಪ್ರತಿಭೆಯ ಪಕ್ಷ ಹಿಡಿದನಲ್ಲ ಎಂದು ಸೋಜಿಗವೂ ಆಯಿತು. ಮುಂದಿನ ಶನಿವಾರ ನಾನು ಪ್ರತಿಭೆ ಎಂದೆ, ಅವನು ನಸೀಬ ಎಂದ, ಸಮಾಧಾನವಾಯಿತು.

ಮಾತುಗಳನ್ನೇ ನೋಡಿ. ಅದೃಷ್ಟ ಎಂದರೆ ಕಾಣದ್ದು, ಅಷ್ಟೇ. ಒಳ್ಳೆಯದು, ಕೆಟ್ಟದ್ದು ಎಂಬ ಸುಳಿವೂ ಆ ಪದದಲ್ಲಿಲ್ಲ. ಯಾವುದರ ಕಾರಣ ನಮಗೆ ಕಾಣಲಿಲ್ಲವೋ ಅದಕ್ಕೆ ಈ ಹೆಸರಿಟ್ಟು ಮುಂದೆ ಹೋಗುತ್ತೇವೆ. ನಸೀಬ ಎಂದರೆ ಅರಬ್ಬಿಯಲ್ಲಿ ಪಾಲು; ಅದರಲ್ಲಿ ಒಂದು ನ್ಯಾಯವಿದೆ, ಯಾರೋ ಕೂತು ಹಂಚಿದ ಹಾಗೆ. ಪ್ರತಿಭೆ ಎಂದರೆ ಹೊಳಪು. ಅದು ಕಾಣಬೇಕಾದರೆ ನೋಡುವವರ ಕಣ್ಣೂ ತೆರೆದಿರಬೇಕು. ಸಾಂಗಲಿಯವನ ಬಸ್ಸು ಸರಿಯಾಗಿದ್ದಿದ್ದರೆ ದಾವಲಣ್ಣ ಅಂಗಿ ತೊಟ್ಟವನು ತೊಟ್ಟ ಹಾಗೇ ಮನೆಗೆ ಹೋಗುತ್ತಿದ್ದ. ಹಾಗಾದರೆ ಅವನನ್ನು ತಾರೆ ಮಾಡಿದ್ದು ಬಸ್ಸಿನ ಇಂಜಿನ್ನೋ? ಇಲ್ಲಿಗೆ ಬಂದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬರುತ್ತೇನೆ.

ಹೋದ ವರ್ಷ ಊರವರು ಗರಡಿಮನೆಯ ಗೋಡೆ ಕಟ್ಟಿಸಿ, ಅದೇ ದಿನ ದಾವಲಣ್ಣನ ತಲೆಗೆ ಪಟಕಾ ಸುತ್ತಿ ಸನ್ಮಾನ ಮಾಡುವುದೆಂದು ಗೊತ್ತುಮಾಡಿದರು. ಚನ್ನಬಸಪ್ಪನಿಗೂ ಬರಲು ಹೇಳಿಕಳಿಸಿದರು. ದಾವಲಣ್ಣ ಬರುವುದಿಲ್ಲ ಎಂದುಬಿಟ್ಟ. ನನ್ನನ್ನು ಅವನ ಮನೆಗೆ ಅಟ್ಟಿದರು. ಕಲಿತವನು, ಒಪ್ಪಿಸುತ್ತಾನೆ ಎಂದು. ಅವನ ಹೆಂಡತಿ ಹುಸೇನಬಿ ಅಕ್ಕ ಮಗ್ಗದ ಮುಂದಿನಿಂದ ಎದ್ದು ಚಹಾ ಕೊಟ್ಟಳು. ದಾವಲಣ್ಣ ಚಾಪೆಯ ಅಂಚು ಚಿವುಟುತ್ತ ಕೂತಿದ್ದ.

"ಪಟಕಾ ಸುತ್ತಾವ್ರೂ ಅವರ, ಹಲಗಿ ಪೈಲವಾನ ಅನ್ನಾವ್ರೂ ಅವರ," ಎಂದ. "ತಮ್ಮಾ, ನೀ ಅವತ್ತ ಅಲ್ಲೇ ಇದ್ದೀ. ಶಾಣ್ಯಾ ಅದೀ. ಎಲ್ಲಾರ ಮುಂದ ನಿಂತು ಹಲಗಿ ನಿಂತಿದ್ದಿಲ್ಲ ಅಂತ ಹೇಳು. ಬರ್ತೇನಿ."

ನಾನು ಹೂಂ ಎಂದೆನೋ, ಸುಮ್ಮನಿದ್ದೆನೋ, ಈಗ ಖಾತ್ರಿಯಿಲ್ಲ. ಅವನು ಅದನ್ನು ಹೂಂ ಎಂದೇ ತಿಳಿದ. ಬಂದ.

ಸನ್ಮಾನದ ಮುಂಜಾನೆ ಚನ್ನಬಸಪ್ಪ ಕಲಘಟಗಿಯಲ್ಲೊಂದು, ಹುಬ್ಬಳ್ಳಿಯಲ್ಲೊಂದು ಬಸ್ಸು ಬದಲಿಸಿ, ಕೋಲೂರಿಕೊಂಡು ಬಂದ. ಒಂದು ಕಾಲಕ್ಕೆ ಬಾಗಿಲಲ್ಲಿ ಹಿಡಿಸದ ಆಳು ಈಗ ಅಂಗಿಯೊಳಗೆ ಸಡಿಲಾಗಿ ನಿಂತಿದ್ದ. ವೇದಿಕೆಯ ಮೇಲೆ ಇಬ್ಬರನ್ನೂ ಬಾಜುಬಾಜು ಕೂಡಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎದುರಿನ ಬೇವಿನ ಮರ ನೋಡುತ್ತ ಕೂತರು. ಮೊದಲು ನನ್ನ ಭಾಷಣ.

ಗರಡಿಯ ಇತಿಹಾಸ, ಶರೀರಶ್ರಮದ ಮಹತ್ವ, ಯುವಕರ ಕರ್ತವ್ಯ ಎಂದು ನಾನು ಸುತ್ತು ಹಾಕುತ್ತಲೇ ಇದ್ದೆ. ಕೆಳಗಿನಿಂದ ಈರಪ್ಪ ಕೂಗಿದ: "ಅದೆಲ್ಲಾ ಇರ್ಲಿ ಪ್ರೊಫೆಸರ್ರ! ಹಲಗಿ ನಿಂತಿತ್ತೋ ಇಲ್ಲೋ, ಅಷ್ಟ ಹೇಳ್ರಿ!"

ದಾವಲಣ್ಣ ಬೇವಿನ ಮರ ಬಿಟ್ಟು ನನ್ನನ್ನು ನೋಡಿದ. ನಿಂತಿತ್ತು ಎಂದರೆ ಅವನು ಎದ್ದು ಹೋಗುತ್ತಾನೆ. ಇಲ್ಲ ಎಂದರೆ ಸುಳ್ಳು. 'ನೆನಪಿನ ವಿಶ್ವಾಸಾರ್ಹತೆ' ಎಂಬುದೊಂದು ವಿಷಯವಿದೆ ಎಂದು ನಾನು ಆರಂಭಿಸಿದೆ. ಜನ ಹೋ ಎಂದು ನಕ್ಕರು. "ನನ್ನ ನೆನಪಿನ ಪ್ರಕಾರ ನಿಂತಿತ್ತು, ಆದರೆ..." ಎಂದೆ. ಆದರೆ ಎಂಬುದು ಯಾರಿಗೂ ಕೇಳಲಿಲ್ಲ. ದಾವಲಣ್ಣ ಕುರ್ಚಿಯ ಕೈ ಹಿಡಿದು ಏಳತೊಡಗಿದ್ದ.

ಆಗ ಚನ್ನಬಸಪ್ಪ ಕೂತಲ್ಲಿಂದಲೇ ಕೈ ಚಾಚಿ ನನ್ನ ಮೈಕು ಕಸಿದ. ಇನ್ನೊಂದು ಕೈಯಿಂದ ದಾವಲಣ್ಣನ ಮಣಿಕಟ್ಟು ಹಿಡಿದು ಕೆಳಕ್ಕೆ ಜಗ್ಗಿದ. ಆ ಹಿಡಿತ ಮಾತ್ರ ಮುದಿಯಾಗಿರಲಿಲ್ಲ, ದಾವಲಣ್ಣ ಕೂತುಬಿಟ್ಟ.

"ಹಲಗಿ ನಿಂತಿದ್ದು ಖರೆ," ಎಂದ ಚನ್ನಬಸಪ್ಪ. "ನಾ ಹೊಳ್ಳಿ ನೋಡಿದ್ದೂ ಖರೆ. ಕುಸ್ತ್ಯಾಗ ಜೋಡಿ ಬಿಟ್ಟು ಹಲಗಿ ನೋಡಾಂವ ಅಂವ ಎಂಥಾ ಪೈಲವಾನರಿ? ಇಂವ ನೋಡಲಿಲ್ಲ. ಗೆದ್ದ. ಅದರಾಗ ಹಲಗೀದೇನೈತಿ?"

"ಸುಳ್ಳ!" ಎಂದ ದಾವಲಣ್ಣ. "ನಿಂತಿದ್ದಿಲ್ಲ. ನಾ ಕೇಳೇನಿ."

"ಏನ ಕೇಳೀದಿ?"

"ಢಬ್ ಢಬ್ ಅಂತ, ಒಂದ ಸವನ."

"ಆವಾಗ ನಿನ್ನ ಬಲಗಿವಿ ಎಲ್ಲಿತ್ತಲೇ?"

ದಾವಲಣ್ಣ ಸ್ವಲ್ಪ ಯೋಚಿಸಿ, "ನಿನ್ನ ಎದೀಗೆ ಹತ್ತಿತ್ತು," ಎಂದ.

"ಮತ್ತ? ಅದು ಹಲಗಿ ಅಲ್ಲಲೇ ದಾವಲ್ಯಾ! ನಿನ್ನ ಕೈಯಾಗ ಸಿಕ್ಕು ನನ್ನ ಎದಿ ಬಡಕೋತಿತ್ತು!"

ಬಯಲೆಲ್ಲ ನಕ್ಕಿತು. ದಾವಲಣ್ಣ ಮೊದಲು ನಗಲಿಲ್ಲ. ಅಷ್ಟು ವರ್ಷ ಕೇಳಿದ್ದನ್ನು ಮತ್ತೊಮ್ಮೆ ಕೇಳಿ ನೋಡುವವನ ಹಾಗೆ ತಲೆ ವಾರೆ ಮಾಡಿ ಕೂತ. ಆಮೇಲೆ ಅವನ ಹೊಟ್ಟೆ ಅಲುಗತೊಡಗಿತು. ಪಟಕಾ ಸುತ್ತುವವರು ಬಂದರು. "ಬಲಗಿವಿ ಮುಚ್ಚಬ್ಯಾಡ್ರಿ," ಎಂದ ಅವರಿಗೆ. "ಈ ಹುಚ್ಚ ಇನ್ನೂ ಏನೇನ ಅಂತಾನೋ ಕೇಳಬೇಕು."

ಹೀಗೆ ಎಲ್ಲವೂ ಚೆಂದವಾಗಿ ಮುಗಿಯಿತು. ಆದರೆ ಬಸ್ಸಿನಲ್ಲಿ ಕೂತ ಮೇಲೆ ನನ್ನ ಹಳೆಯ ರೋಗ ಎದ್ದಿತು: ಹಾಗೆಂದು ಹೇಗೆ ಗೊತ್ತು? ಬಲಗಿವಿ ಎದೆಗೆ ಹತ್ತಿತ್ತು, ಸರಿ. ಎಡಗಿವಿ ಹೊರಗೇ ಇತ್ತಲ್ಲ! ಹಲಗೆ ನಿಂತದ್ದು ಅದಕ್ಕೆ ಕೇಳಬೇಕಿತ್ತು. ಈಗ ಅದು ಕೆಟ್ಟು ಕಿವುಡಾಗಿದೆ ನಿಜ, ಆದರೆ ಆ ಯುಗಾದಿಗೇ ಕೆಟ್ಟಿತ್ತೇ? ಕೆಟ್ಟಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ: ಒಂದು ಕಿವಿಯನ್ನು ಗರಡಿಯ ವರ್ಷಗಟ್ಟಲೆಯ ತಾಲೀಮು ಮುಚ್ಚಿತ್ತು, ಇನ್ನೊಂದನ್ನು ಜೋಡಿಯವನ ಎದೆ. ಆ ಗಳಿಗೆಯಲ್ಲಿ ಇಡೀ ಬಯಲಿನಲ್ಲಿ ಹಲಗೆ ನಿಂತದ್ದು ಗೊತ್ತಿಲ್ಲದವನು ಅವನೊಬ್ಬನೇ. ಇದನ್ನು ಅದೃಷ್ಟವೆನ್ನಲೇ? ಕಾಣದ್ದಲ್ಲ ಇದು, ಕೇಳದ್ದು. ಅಷ್ಟು ತಲೆ ತಿಕ್ಕದವನಿಗೆ ಈ ಪಾಲು ಸಿಗುತ್ತಿರಲಿಲ್ಲ.

ಮುಂದಿನ ಶನಿವಾರ ಅವನ ಮನೆಗೆ ಹೋದೆ. ಎಡಗಿವಿ ಕಾಣುವ ಹಳೆಯ ಫೋಟೋ ನೋಡಬೇಕೆಂದೆ. ಗೆದ್ದ ದಿನದ ಫೋಟೋದಲ್ಲಿ ಪಟಕಾ ಕಿವಿ ಮುಚ್ಚಿತ್ತು. ಮದುವೆಯ ಫೋಟೋದಲ್ಲಿ ಹೂವಿನ ಸೆಹರಾ ಕಿವಿಯ ಜೊತೆ ಮದುಮಗನನ್ನೇ ಮುಚ್ಚಿತ್ತು. ನನ್ನ ಮುಖ ನೋಡಿ ಹುಸೇನಬಿ ಅಕ್ಕ ನಕ್ಕಳು. "ಕಿವಿ ವಿಚಾರ ಏನ್ರಿ? ಅದು ಲಗ್ನದ ಹೊತ್ತಿಗೇ ಹೋಗಿತ್ತರಿ. ಖಾಜಿಯವರು ಕುಬೂಲ್ ಅದೀಯೇನಪಾ ಅಂತ ಕೇಳಿದ್ರ, ಇವರು ಬೊಂಬಿಗತೆ ಸುಮ್ಮನ ಕುಂತಿದ್ರಂತ. ನಮ್ಮಪ್ಪನ ಜೀವ ಹಾರಿಹೋಗಿತ್ತಂತ ನೋಡ್ರಿ. ಆಮ್ಯಾಲ ಯಾರೋ ಈ ಬಾಜು ಬಂದು ಕೇಳಿದ್ಮ್ಯಾಲ ಹೂಂ ಅಂದ್ರಂತ."

ಅಂತ, ಅಂತ, ಅಂತ. ಅಕ್ಕ ಒಳಗೆ ಹೆಂಗಸರ ನಡುವೆ ಇದ್ದವಳು, ಕಂಡದ್ದಲ್ಲ. ನಾನು ಅಣ್ಣಿಗೇರಿಗೆ ಹೋಗಿ ಅವಳ ಅಣ್ಣನನ್ನು ಹುಡುಕಿದೆ. ಆ ದಿನ ಮದುಮಗನ ಹಿಂದೆಯೇ ಕೂತಿದ್ದವನು ಅವನು. ಖಾಜಿಯವರು ಎಷ್ಟು ಸಲ ಕೇಳಿದರೆಂಬುದು ಅವನಿಗೂ ನೆನಪಿಲ್ಲ. ತನ್ನಪ್ಪ ಅತ್ತನೋ, ಬೈದನೋ, ಅದರಲ್ಲಿಯೂ ಅವನಿಗೆ ಅನುಮಾನ. ಆದರೆ ಮದುವೆಯಾದದ್ದು ಆ ಯುಗಾದಿಗಿಂತ ಮೊದಲು, ಹೊಸ ಬೀಗನಾಗಿ ಅದೇ ಕುಸ್ತಿ ನೋಡಲು ತಾನು ಬಂದಿದ್ದೆ ಎಂದ. ಇನ್ನೊಂದು ಮಾತನ್ನು ನಾನು ಕೇಳುವ ಮೊದಲೇ, ಕೂತ ಜಾಗವನ್ನು ಅಂಗೈಯಿಂದ ನೆಲದ ಮೇಲೆ ತೋರಿಸಿ ಹೇಳಿದ. ಅದನ್ನು ಅವನ ಬಾಯಿಂದ ಎರಡು ಸಲ ಹೇಳಿಸಿ ಖಾತ್ರಿ ಮಾಡಿಕೊಂಡು ಬಂದಿದ್ದೇನೆ: ಖಾಜಿಯವರು ಕೂತಿದ್ದು ಮದುಮಗನ ಎಡಕ್ಕೆ.